ಈಶಾನ್ಯದಲ್ಲಿ ಕಸದ ಬುಟ್ಟಿ

ಕಂಪ್ಯೂಟರಿನ ಪರದೆಯ ಬುಡದಲ್ಲಿ ಉದ್ದಕ್ಕೆ ಒಂದು ಪಟ್ಟಿ ಇರುತ್ತದಲ್ಲ, ನೀವೂ ನೋಡಿರುತ್ತೀರಿ. ಒಂದು ತುದಿಯಲ್ಲಿ ಮೆನು, ಇನ್ನೊಂದು ತುದಿಯಲ್ಲಿ ಗಡಿಯಾರ, ನಡುವೆ ನಾವು ತೆರೆದಿಟ್ಟು ಮರೆತ ಕೆಲಸಗಳು. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ಹೆಚ್ಚಿನವರು ಅದು ಇದ್ದಲ್ಲೇ ಇರಲಿ ಎಂದು ಬಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ನಾನು ಆ ಪೈಕಿಯವಳಲ್ಲ. ಇವತ್ತು ಭಾನುವಾರ. ಬೆಳಿಗ್ಗೆ ಎಂಟನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸಲು ಕೂತವಳು ಊಟದ ಹೊತ್ತಿಗೆ ಪ್ಯಾನೆಲನ್ನು ಬುಡದಿಂದ ನೆತ್ತಿಗೆ, ನೆತ್ತಿಯಿಂದ ಎಡಕ್ಕೆ, ಎಡದಿಂದ ಪುನಃ ಬುಡಕ್ಕೆ ತಂದು ನಿಲ್ಲಿಸಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಶಾಲೆಯ ಹೆಸರು ಮಾತ್ರ ಇತ್ತು. ಅದೂ ನಡುವಿಗೆ ಬಂದಿರಲಿಲ್ಲ.

ಈ ಚಾಳಿ ನಿನ್ನೆ ಮೊನ್ನೆಯದಲ್ಲ. ಗಡಿನಾಡಿನ ನೆಕ್ರಾಜೆಯಲ್ಲಿ ನನ್ನ ತವರು. ಜೂನ್ ತಿಂಗಳಲ್ಲಿ ಹೊಸ ಪುಸ್ತಕ ಬಂದರೆ ಅಕ್ಕಂದಿರಿಬ್ಬರು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡ್ ಹಾಕಿ ಓದಲು ಶುರು ಮಾಡುತ್ತಿದ್ದರು. ನಾನು ಬೈಂಡ್ ಹಾಕುತ್ತಿದ್ದೆ, ಬಿಚ್ಚುತ್ತಿದ್ದೆ, ಪುನಃ ಹಾಕುತ್ತಿದ್ದೆ. ಲೇಬಲ್ ಬಲಮೂಲೆಯಲ್ಲಿ ಚಂದವೋ ನಡುವಿನಲ್ಲಿ ಚಂದವೋ ಎಂಬುದು ತೀರ್ಮಾನವಾಗುವಾಗ ಓಣಂ ಪರೀಕ್ಷೆ ಬಂದಿರುತ್ತಿತ್ತು. ಕಂಪಾಸು ಪೆಟ್ಟಿಗೆಯ ಒಳಗೆ ಕೈವಾರ, ರಬ್ಬರು, ಒಂದು ನವಿಲುಗರಿ, ಯಾರೋ ಕೊಟ್ಟ ಪರಿಮಳದ ಕಾಗದ, ಇವುಗಳನ್ನು ಜೋಡಿಸುವುದರಲ್ಲಿ ಲೆಕ್ಕದ ಪಿರಿಯಡ್ ಪೂರ್ತಿ ಕಳೆದುಹೋಗುತ್ತಿತ್ತು. "ಇವಳು ಮುಂದೆ ಅಂಗಡಿ ಇಡುವವಳು, ವ್ಯಾಪಾರ ಮಾಡುವವಳಲ್ಲ" ಎಂದು ಅಪ್ಪ ಬಂದವರ ಎದುರಿಗೆಲ್ಲ ಹೇಳುತ್ತಿದ್ದರು. ಬಂದವರು ನಗುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮದುವೆಯಾಗಿ ಬಂದ್ಯೋಡಿಗೆ ಬಂದೆ. ನಮ್ಮವರು ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವರು ಕಟ್ಟಿಸಿದ ತಾರಸಿ ಮನೆ. ಅದರಲ್ಲಿ ಇರುವುದು ನಾನು ಮತ್ತು ಅವರ ತಾಯಿ. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎನ್ನುವುದು. ಮಾಮಿ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಚಹಾ ಬಿಸಿ ಮಾಡಿಟ್ಟಿರುತ್ತಾರೆ. ಆದರೆ ಆ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾಗ ಉಂಟು, ಮತ್ತು ಆ ಜಾಗ ನಾನು ಬರುವ ಮೊದಲೇ ನಿಶ್ಚಯವಾಗಿದೆ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದಿಟ್ಟು ಶಾಲೆಗೆ ಹೋದರೆ ಸಂಜೆ ಅದು ಹಳೆಯ ಜಾಗದಲ್ಲಿ ಇರುತ್ತದೆ. ಉಪ್ಪಿನ ಡಬ್ಬಿಯನ್ನು ಒಲೆಯ ಎಡಕ್ಕೆ ಇಟ್ಟರೆ ಅದು ಮಧ್ಯಾಹ್ನದೊಳಗೆ ಬಲಕ್ಕೆ ಹೋಗುತ್ತದೆ. ಬೈಗುಳ ಇಲ್ಲ, ಜಗಳ ಇಲ್ಲ. ವಸ್ತುಗಳು ತಾವಾಗಿ ನಡೆದುಹೋದವು ಎಂಬ ಹಾಗೆ ಮಾಮಿಯ ಮುಖ ಇರುತ್ತದೆ. ಅಂಗಡಿ ಇಡುವುದರಲ್ಲೇ ಹುಟ್ಟಿ ಬೆಳೆದ ನನ್ನಂಥವಳಿಗೆ ಇದೆಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಅಷ್ಟು ಗೋಡೆಗಳ ಮನೆಯಲ್ಲಿ ಒಂದು ಮೊಳೆ ಹೊಡೆಯುವ ಜಾಗವೂ ನನ್ನದಾಗಿರಲಿಲ್ಲ.

ಅಂಥ ಸಮಯದಲ್ಲಿ ಮನೆಯ ಚಾವಡಿಗೆ, ಎಂದರೆ ಹಜಾರಕ್ಕೆ, ಕಂಪ್ಯೂಟರ್ ಬಂತು. ಶಾಲೆಯ ಕೆಲಸವೆಲ್ಲ ಈಗ ಅದರಲ್ಲೇ ಆಗಬೇಕಲ್ಲ. ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಎಂಬ ತಂತ್ರಾಂಶ. ಮನೆಯದಕ್ಕೂ ಅದನ್ನೇ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ರವಿ ಮಾಷ್ ಹಾಕಿಕೊಟ್ಟರು. ಹಾಕುವಾಗ ಭಾಷೆ ಯಾವುದು ಬೇಕು ಎಂದು ಅದು ಕೇಳಿತು. ಕನ್ನಡ ಟೀಚರ್ ಎಂಬ ಮರ್ಯಾದೆಗೆ ನಾನು ಕನ್ನಡ ಎಂದೆ. ಆ ಒಂದು ಮಾತಿನಿಂದ ಮುಂದೆ ಎಷ್ಟೆಲ್ಲ ಆಯಿತು ಎಂದು ಈಗ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಮೊದಲ ವಾರದಲ್ಲೇ ನನಗೆ ತಿಳಿದುಹೋಯಿತು, ಇಲ್ಲಿ ಎಲ್ಲವನ್ನೂ ಎಳೆಯಬಹುದು ಎಂದು! ಪ್ಯಾನೆಲಿನ ಮೇಲೆ ಬಲಗುಂಡಿ ಒತ್ತಿದರೆ ಮೇಲೆ ಹಾಕುವುದೋ ಕೆಳಗೆ ಹಾಕುವುದೋ, ಅಗಲ ಎಷ್ಟು, ಬಣ್ಣ ಯಾವುದು ಎಂದು ವಿನಯದಿಂದ ಕೇಳುತ್ತದೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಇಷ್ಟು ವಿಷಯ ಕೇಳಿರಲಿಲ್ಲ. ಆ ಸಂತೋಷದಲ್ಲಿ 'ಈ ಪ್ಯಾನೆಲನ್ನು ಅಳಿಸು' ಎಂಬುದನ್ನೂ ಒತ್ತಿಬಿಟ್ಟೆ. ಪ್ಯಾನೆಲ್ ಹೋಯಿತು. ಮೆನು ಹೋಯಿತು, ಗಡಿಯಾರ ಹೋಯಿತು, ಆಫ್ ಮಾಡುವ ಗುಂಡಿಯೂ ಹೋಯಿತು. ರವಿ ಮಾಷ್‌ಗೆ ಫೋನ್ ಮಾಡಿದೆ.

"ಟೀಚರೇ, ಪ್ಯಾನೆಲ್ ಎಲ್ಲಿ ಹೋಗ್ತದೆ ಮಾರಾಯ್ರೆ? ಅಲ್ಲೇ ಎಲ್ಲಾದ್ರೂ ಉಂಟಾ ನೋಡಿ" ಎಂದರು. ಕನ್ನಡಕ ಕಳೆದುಹೋದವರಿಗೆ ಹೇಳುವ ಧಾಟಿ. ನಾನು ನಿಜವಾಗಿಯೂ ಮೇಜಿನ ಅಡಿಯನ್ನು ಒಮ್ಮೆ ನೋಡಿದೆ.

ಮಾಷ್ ಹೇಳಿಕೊಟ್ಟ ಹಾಗೆ ಮಾಡಿ ಪ್ಯಾನೆಲ್ ಮರಳಿ ಬಂದ ಮೇಲೆ ವಿಜೆಟುಗಳ ಹುಚ್ಚು ಹಿಡಿಯಿತು. ವಿಜೆಟ್ ಎಂದರೆ ಪರದೆಯ ಮೇಲೆ ನಮಗೆ ಬೇಕಾದಲ್ಲಿ ಇಟ್ಟುಕೊಳ್ಳುವ ಸಣ್ಣ ಸಣ್ಣ ಉಪಕರಣಗಳು. ಗಡಿಯಾರ, ಕ್ಯಾಲೆಂಡರು, ಚೀಟಿ ಅಂಟಿಸುವ ಹಲಗೆ, ಹೀಗೆ. ಹವಾಮಾನ ಹೇಳುವ ವಿಜೆಟ್ ಒಂದಿತ್ತು. ಊರು ಯಾವುದು ಎಂದು ಕೇಳಿತು. ಬಂದ್ಯೋಡು ಎಂದು ಬರೆದೆ, ಹಾಗೊಂದು ಊರಿಲ್ಲ ಎಂದಿತು. ಆಚೆಗೆ ಮಂಗಳೂರು ಉಂಟು, ಈಚೆಗೆ ಕಣ್ಣೂರು ಉಂಟು, ಯಾವುದು ಬೇಕೋ ಆರಿಸಿಕೋ ಎಂದಿತು. ಈ ಪ್ರಶ್ನೆ ನಮಗೆ ಹೊಸದಲ್ಲ. ಹೊಟ್ಟೆನೋವು ಬಂದರೆ ಮಂಗಳೂರು, ಸರಕಾರಿ ಆದೇಶ ಬಂದರೆ ತಿರುವನಂತಪುರ ಎಂದು ಬದುಕುವ ಜನ ನಾವು. ಮಳೆಯನ್ನು ಯಾವ ಕಡೆಗೆ ಸೇರಿಸುವುದು ಎಂದು ಸ್ವಲ್ಪ ಯೋಚಿಸಿ ಮಂಗಳೂರು ಒತ್ತಿದೆ. ಇನ್ನೊಂದು ವಿಜೆಟಿನಲ್ಲಿ ಎರಡು ಕಣ್ಣುಗುಡ್ಡೆಗಳು ಮಾತ್ರ. ಮೌಸ್ ಹೋದ ಕಡೆಗೆ ಅವು ಹೊರಳಿ ನೋಡುತ್ತವೆ. ಅದರಿಂದ ಯಾರಿಗೂ ಯಾವ ಉಪಕಾರವೂ ಇಲ್ಲ. ಅದಕ್ಕೇ ನನಗೆ ಅದು ಬಹಳ ಇಷ್ಟವಾಯಿತು.

ಮಾಮಿ ಮೊದಲು ನೋಡಿದ್ದು ಆ ಕಣ್ಣುಗಳನ್ನು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಇದು ಯಾರದ್ದು ಕಣ್ಣು?" ಎಂದು ಕೇಳಿದರು.

"ಯಾರದ್ದೂ ಅಲ್ಲ ಮಾಮಿ."

"ಯಾರದ್ದೂ ಅಲ್ಲದ ಕಣ್ಣು ಭಾರಿ ಕೆಟ್ಟದ್ದು" ಎಂದರು. ಮತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇರಲಿ ಬಿಡು. ಬಂದವರ ದೃಷ್ಟಿ ಎಲ್ಲ ಅದಕ್ಕೇ ತಾಗಲಿ. ಆದ್ರೆ ಮೂಲೆಯಲ್ಲಿ ಇಟ್ಟರೆ ಯಾರಿಗೆ ಕಾಣ್ತದೆ? ನಡುವಿಗೆ ಹಾಕು" ಎಂದರು.

ನಾನು ನಡುವಿಗೆ ಹಾಕಿದೆ. ಅಲ್ಲಿಗೇ ನಾನು ಎಚ್ಚರವಾಗಬೇಕಿತ್ತು.

ಆಮೇಲೆ ಗಡಿಯಾರದ ಸರದಿ. ನಾನು ಪ್ಯಾನೆಲಿನಲ್ಲಿ ನಮ್ಮ ಗಂಟೆಯ ಪಕ್ಕ ಸಣ್ಣದಾಗಿ ಶಾರ್ಜಾದ ಗಂಟೆಯನ್ನೂ ಇಟ್ಟುಕೊಂಡಿದ್ದೆ. ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮವರಿಗೆ ಫೋನ್ ಮಾಡಲು ಅನುಕೂಲ ಎಂದು ಇಟ್ಟದ್ದು. ಮಾಮಿಗೆ ಅದರ ವಿಷಯ ತಿಳಿದ ದಿನ ಅವರ ಕಣ್ಣು ತುಂಬಿ ಬಂತು. ಮರುದಿನ ಹೇಳಿದರು, "ಅದನ್ನು ದೊಡ್ಡದು ಮಾಡು."

"ನಮ್ಮ ಗಂಟೆ ಬೇಡವಾ ಮಾಮಿ?"

"ನಮ್ಮದು ನೋಡ್ಲಿಕ್ಕೆ ಗೋಡೆ ಉಂಟು. ಚಂದ್ರನದ್ದು ನೋಡ್ಲಿಕ್ಕೆ ಬೇರೆ ಎಲ್ಲಿ ಉಂಟು?"

ಮಗನ ಹೆಸರು ಹಿಡಿದು ಹೇಳಿದ ಈ ಮಾತಿಗೆ ಯಾವ ಸೊಸೆ ಎದುರು ಹೇಳಿಯಾಳು? ತಟ್ಟೆಯಷ್ಟು ದೊಡ್ಡ ಗಡಿಯಾರ ಪರದೆಯ ಮೇಲೆ ಬಂತು. ಮಾಮಿ ಅದರ ಎದುರು ಕೂತು ಹೂ ಕಟ್ಟುತ್ತಾ "ಈಗ ಅವನು ಬಸ್ಸು ಹತ್ತಿದ", "ಈಗ ಊಟಕ್ಕೆ ಕೂತ" ಎಂದು ಹೇಳುತ್ತಿದ್ದರು. ಒಂದು ದಿನ ತಾನೂ ಮಗನೊಟ್ಟಿಗೆ ಊಟ ಮಾಡುತ್ತೇನೆಂದು ಕಾದು ಕೂತು, ಹಸಿವು ತಡೆಯದೆ ನಡುವೆ ಎರಡು ಸಲ ಅವಲಕ್ಕಿ ತಿಂದರು.

ಹವಾಮಾನವನ್ನೂ ಅವರು ವಶಪಡಿಸಿಕೊಂಡರು. ಹಲಸಿನ ಹಪ್ಪಳದ ಕಾಲ. ಮಾಮಿ ನನ್ನ ಪರದೆಯಲ್ಲಿ ಸೂರ್ಯನನ್ನು ನೋಡಿ ತಾರಸಿಯ ಮೇಲೆ ಚಾಪೆ ಹಾಸಿ ಹಪ್ಪಳ ಒಣಗಿಸಿದರು. ಮಂಗಳೂರಿನಲ್ಲಿ ಸೂರ್ಯ ಇದ್ದಿರಬಹುದು. ಬಂದ್ಯೋಡಿನಲ್ಲಿ ಗುಡುಗು ಸಹಿತ ಸುರಿಯಿತು. ನಾನು ಶಾಲೆಯಿಂದ ಬರುವಾಗ ಮಾಮಿ ಒದ್ದೆ ಹಪ್ಪಳದ ರಾಶಿಯ ಮುಂದೆ ಕೂತಿದ್ದರು.

"ನಿನ್ನ ಸೂರ್ಯ" ಎಂದರು. ಅಷ್ಟೇ. ಆ ವರ್ಷ ಹಪ್ಪಳ ತಿಂದಾಗಲೆಲ್ಲ ನಾನು ಸ್ವಲ್ಪ ತಲೆ ತಗ್ಗಿಸಿಯೇ ತಿಂದೆ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಪರದೆಯ ಎಡ ತುದಿಯಲ್ಲಿ ಒಂದು ಚಿತ್ರ, ಅದರ ಕೆಳಗೆ ಸ್ಪಷ್ಟವಾದ ಕನ್ನಡದಲ್ಲಿ 'ಕಸದ ಬುಟ್ಟಿ' ಎಂದು ಬರೆದಿತ್ತು. ಕನ್ನಡ ಎಂದು ನಾನು ಮರ್ಯಾದೆಗೆ ಹೇಳಿದ್ದೆ ಎಂದೆನಲ್ಲ, ಅದರ ಫಲ ಇದು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಮಾಮಿಗೆ ತಿಳಿಯುತ್ತಿರಲಿಲ್ಲ. ಮಾಮಿ ಐದನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವರು, ಪಂಚಾಂಗವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. ಅವರು ಕಸದ ಬುಟ್ಟಿ ಎಂದು ಓದಿದರು. ಮೇಜಿರುವ ಗೋಡೆಯನ್ನು ನೋಡಿದರು. ಕಿಟಕಿಯಿಂದ ಸೂರ್ಯನನ್ನೂ ಒಮ್ಮೆ ನೋಡಿದರು.

"ಸುಜಾತ, ಇದು ಮೂಡು ಗೋಡೆ ಅಲ್ವಾ?"

"ಹೌದು ಮಾಮಿ."

"ಹಾಗಾದ್ರೆ ಎಡ ತುದಿ ಎಂತ ಆಯ್ತು?"

ಎಡ ತುದಿ ಈಶಾನ್ಯವಾಯಿತು. ಈಶಾನ್ಯದಲ್ಲಿ ಕಸದ ಬುಟ್ಟಿ! ದೇವರ ಮೂಲೆ! ಮಾಮಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಕಳೆದ ಕೆಲವು ತಿಂಗಳುಗಳಲ್ಲಿ ಆದ ಎಲ್ಲದಕ್ಕೂ ಅವರಿಗೆ ಕಾರಣ ಸಿಕ್ಕಿತು. ಮಿಕ್ಸಿ ಹಾಳಾದದ್ದು, ಅವರ ಮೊಣಗಂಟು ನೋವು, ಚಂದ್ರನಿಗೆ ರಜೆ ಮುಂದೆ ಹೋದದ್ದು, ಹಪ್ಪಳ.

ಬುಟ್ಟಿಯನ್ನು ಬಲ ತುದಿಗೆ ಎಳೆದೆ. ಅದು ಆಗ್ನೇಯ, ಅಲ್ಲಿ ಆಫ್ ಮಾಡುವ ಗುಂಡಿ ಉಂಟು, ಬೆಂಕಿಯ ಜಾಗದಲ್ಲಿ ಕಸ ಬೇಡ ಎಂದರು. ನಡುವಿಗೆ ತಂದೆ. ಸೂರ್ಯ ಹುಟ್ಟುವ ದಿಕ್ಕಿನ ನಡು ಎದೆಯಲ್ಲಿ ಯಾರಾದರೂ ಕಸ ಇಡುತ್ತಾರಾ ಎಂದರು. ನನಗೂ ಹಟ ಬಂತು. ಭೂಪಟದಲ್ಲಿ ಮೇಲ್ಗಡೆ ಉತ್ತರ ಮಾಮಿ, ಆ ಲೆಕ್ಕದಲ್ಲಿ ಎಡಗಡೆಯ ಕೆಳಮೂಲೆ ನೈರುತ್ಯ, ಅಲ್ಲಿ ಇಟ್ಟರೆ ಆಗುತ್ತದೆ ಎಂದು ವಾದಿಸಿದೆ. ಮಾಮಿ ನನ್ನನ್ನು ಕನಿಕರದಿಂದ ನೋಡಿದರು.

"ಮೇಲೆ ಉತ್ತರವಾ? ಮೇಲೆ ಆಕಾಶ ಅಲ್ವಾ ಮಗಾ? ಮಕ್ಕಳಿಗೂ ಹೀಗೇ ಹೇಳಿಕೊಡುವುದಾ ನೀನು?"

ಕೊನೆಗೆ ಶಾರ್ಜಾಕ್ಕೆ ಕರೆ ಹೋಯಿತು. ನಮ್ಮವರು ಎರಡೂ ಕಡೆಯ ವಾದ ಕೇಳಿ, "ನೀವೇ ಎಂತಾದ್ರೂ ಮಾಡಿ, ನನಗೆ ಡ್ಯೂಟಿ ಉಂಟು" ಎಂದು ಫೋನ್ ಇಟ್ಟರು. ಗಂಡಸರು ಅಷ್ಟು ದೂರ ಹೋಗಿ ದುಡಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ಆಗ ನನಗೆ ಹೊಳೆಯಿತು.

ದಾರಿ ಕಂಡುಹಿಡಿದದ್ದು ಮಾಮಿಯೇ. ಬುಟ್ಟಿ ಇದ್ದಲ್ಲೇ ಇರಲಿ, ಮೇಜನ್ನೇ ಪಡುವಣ ಗೋಡೆಗೆ ಹಾಕುವ ಎಂದರು. ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಎಡ ತುದಿ ನೈರುತ್ಯ, ಬುಟ್ಟಿಗೆ ದೋಷವಿಲ್ಲ. ಬಲ ತುದಿ ವಾಯವ್ಯ, ಅಲ್ಲಿ ನನ್ನ ಗಾಳಿ ಮಳೆಯ ವಿಜೆಟ್. ವಾಯವ್ಯದಲ್ಲಿ ಗಾಳಿ! ಮಾಮಿಗೆ ಬಹಳ ಸಮಾಧಾನವಾಯಿತು. ನಾವಿಬ್ಬರು ಮೇಜನ್ನು ಎತ್ತಿ, ವಯರುಗಳನ್ನು ಎಳೆದು, ಗೋಡೆ ಬದಲಿಸಿದೆವು. ಆವತ್ತಿನಿಂದ ಮೂಡು ಕಿಟಕಿಯ ಬಿಸಿಲು ನೇರವಾಗಿ ಪರದೆಗೆ ಹೊಡೆಯುತ್ತದೆ. ರಜೆಯ ಬೆಳಿಗ್ಗೆ ಕೆಲಸ ಮಾಡಬೇಕಾದರೆ ನಾನು ಬೆನ್ನ ಹಿಂದೆ ಕೊಡೆ ಬಿಡಿಸಿಟ್ಟು ಕೂರುತ್ತೇನೆ. ಮನೆಯೊಳಗೆ ಕೊಡೆ ಬಿಡಿಸಬಾರದು ಎಂಬ ಶಾಸ್ತ್ರ ಮಾಮಿಗೆ ಇನ್ನೂ ನೆನಪಾಗಿಲ್ಲ, ನೀವು ಯಾರೂ ಹೇಳಬೇಡಿ.

ಹೀಗೆ ನಾನು ತಮಾಷೆಯಾಗಿ ಹೇಳುತ್ತಿದ್ದೇನೆ. ಆದರೆ ಒಳಗೆ ನನಗೆ ಬೇಸರವಾಗುತ್ತಿತ್ತು. ಕಣ್ಣು ಅವರು ಹೇಳಿದಲ್ಲಿ, ಗಡಿಯಾರ ಅವರು ಹೇಳಿದಷ್ಟು, ಬುಟ್ಟಿ ಅವರ ದಿಕ್ಕಿನಲ್ಲಿ. ಉಳಿದದ್ದು ಪರದೆಯ ಮೂಲೆಯಲ್ಲಿದ್ದ ಒಂದು ಸಣ್ಣ ಚಿತ್ರದ ಚೌಕಟ್ಟು. ಅದರಲ್ಲಿ ನೆಕ್ರಾಜೆಯ ಮನೆಯ ಬಾವಿಕಟ್ಟೆ ಇತ್ತು, ಅಕ್ಕಂದಿರ ಜೊತೆಗೆ ನಾನು ಕಟ್ಟೆಗೆ ಒರಗಿ ನಿಂತ ಫೋಟೋ. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಪ್ಯಾನೆಲ್ ನೆತ್ತಿಗೆ ಹೋಗಿದೆ. ಚೀಟಿಯ ಹಲಗೆ ಎಲ್ಲೋ ಹೋಗಿದೆ. ಬಾವಿಕಟ್ಟೆ ಇದ್ದಲ್ಲಿ ಚಂದ್ರಣ್ಣ ಎಂದು ಊರವರು ಕರೆಯುವ ನನ್ನ ಗಂಡ ಕಪ್ಪು ಕನ್ನಡಕ ಹಾಕಿಕೊಂಡು ಕಾರಿಗೆ ಒರಗಿ ನಗುತ್ತಿದ್ದಾರೆ. ಕಾರೂ ಅವರದ್ದಲ್ಲ. ಮಗ ವಿಡಿಯೋ ಕರೆಯಲ್ಲಿ ಹೇಳಿಕೊಟ್ಟ ಹಾಗೆ ಮಾಮಿ ಒಬ್ಬರೇ ಇದನ್ನೆಲ್ಲ ಮಾಡಿದ್ದರು. ಬಾಗಿಲ ಹತ್ತಿರ ನಿಂತು, ನಾನು ಹೊಗಳುತ್ತೇನೆಂದು ಕಾಯುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಕೈಗಳಿಂದ ಪರದೆಯ ಅಗಲ ತೋರಿಸಿ, "ಈ ಮನೆಯಲ್ಲಿ ನನಗೆ ಇಷ್ಟು ಜಾಗವೂ ಬೇಡವಾ ಮಾಮಿ?" ಎಂದು ಕೇಳಿಬಿಟ್ಟೆ.

ಮಾಮಿ ಚಹಾ ತಂದಿಟ್ಟು ಒಳಗೆ ಹೋದರು. ಮರುದಿನದಿಂದ ಚಾವಡಿಯ ಆ ಬದಿಗೆ ಬರಲೇ ಇಲ್ಲ. ಮಗನ ಕರೆ ಬಂದರೆ ಮೊಬೈಲಿನಲ್ಲಿ ಸಾಕು ಎಂದರು. ನಾನು ಎಲ್ಲವನ್ನೂ ಮೊದಲಿನ ಹಾಗೆ ಮಾಡಿಕೊಂಡೆ. ಪ್ಯಾನೆಲ್ ಕೆಳಗೆ ಬಂತು, ಬಾವಿಕಟ್ಟೆ ಬಂತು, ಕಣ್ಣುಗಳು ಮೂಲೆಗೆ ಹೋದವು. ಎಲ್ಲ ನನ್ನದೇ. ಆದರೂ ಕೂತರೆ ಖುಷಿಯಾಗಲಿಲ್ಲ. ಆ ಕಣ್ಣುಗಳು ಮೌಸನ್ನು ಬಿಟ್ಟು ನನ್ನನ್ನೇ ನೋಡುತ್ತಿವೆ ಎನ್ನಿಸುತ್ತಿತ್ತು.

ಮುಂದಿನ ರಜೆಯ ದಿನ ಮಾಮಿ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಪಕ್ಕದಲ್ಲಿ ಬಸಳೆ ಬಿಡಿಸುತ್ತಾ ಕೂತೆ. ಅವರೇ ಮಾತು ತೆಗೆದರು.

"ಹಳೇ ಮನೆಯಲ್ಲಿ ನನ್ನ ಅತ್ತೆ ಇದ್ದರಲ್ಲ, ಅವರು ಇಟ್ಟ ಭರಣಿ ನಾನು ಒಂದು ಗೇಣು ಸರಿಸಿದ್ರೆ ಆ ದಿನ ನನಗೆ ಊಟ ರುಚಿಸ್ತಿರಲಿಲ್ಲ, ಅಷ್ಟು ಹೇಳ್ತಿದ್ರು. ಅವರು ಹೋದ ಮೇಲೂ ನಾನು ಅಲ್ಲೇ ಇಟ್ಟೆ. ಕೈಗೆ ಅಭ್ಯಾಸ ಆಗಿಹೋಗಿತ್ತು. ಈ ಮನೆ ಕಟ್ಟುವಾಗ ವಾಸ್ತುವಿನವ ಬಂದು ಒಲೆ ಇಲ್ಲಿ, ಮಂಚ ಇಲ್ಲಿ ಅಂದ. ಚಂದ್ರ ಫೋನಲ್ಲಿ ಟಿವಿ ಅಲ್ಲಿ ಅಂದ. ನಾನು ಎಂತ ಇಟ್ಟದ್ದುಂಟು, ಹೇಳು?"

ನಾನು ಬಿಡಿಸಿಟ್ಟ ಬಸಳೆಯನ್ನೇ ಪುನಃ ಬಿಡಿಸುತ್ತಿದ್ದೆ.

"ನೀನು ಅದರಲ್ಲಿ ಎಳೆದು ಎಳೆದು ಇಡುವುದು ನೋಡಿದೆ. ಯಾರನ್ನೂ ಕೇಳ್ಲಿಕ್ಕಿಲ್ಲ. ಎಂತ ಎಳೆದರೂ ಭಾರ ಇಲ್ಲ. ನನಗೂ ಆಸೆ ಆಯ್ತು ಮಾರಾಯ್ತಿ" ಎಂದು ಹೇಳಿ ತುರಿಮಣೆಯ ಕಡೆಗೆ ಬಗ್ಗಿದರು.

ಬಸಳೆಯನ್ನು ಅಲ್ಲೇ ಬಿಟ್ಟು ನಾನು ರವಿ ಮಾಷ್‌ಗೆ ಫೋನ್ ಮಾಡಿದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರಿಗೆ ಬೇರೆ ಬೇರೆ ಪರದೆ ಆಗುತ್ತದಾ ಎಂದು ಕೇಳಿದೆ. "ಅದು ಮೊದಲಿಂದಲೇ ಉಂಟಲ್ಲ ಟೀಚರೇ! ಹೊಸ ಬಳಕೆದಾರ ಅಂತ ಒತ್ತಿ, ಹೆಸರು ಕೊಡಿ, ಮುಗೀತು" ಎಂದರು. ಇಷ್ಟು ದಿನ ಒಂದು ಮೇಜನ್ನು ಮನೆಯೆಲ್ಲ ಹೊತ್ತು ತಿರುಗಿದ ಅತ್ತೆ ಸೊಸೆಗೆ ಒಂದು ಗುಂಡಿಯಲ್ಲಿ ಪಾಲಾಗಿ ಹೋಯಿತು.

ಮಾಮಿಯನ್ನು ಕರೆದು ಕೂರಿಸಿದೆ. ಹೆಸರು ಎಂದು ಅದು ಕೇಳಿತು, ಲೀಲಾವತಿ ಎಂದು ಬರೆದೆ. ಮಾಮಿ ಅದನ್ನು ಗಟ್ಟಿಯಾಗಿ ಓದಿದರು. ರೇಶನ್ ಕಾರ್ಡು ಬಿಟ್ಟರೆ ಅವರ ಹೆಸರನ್ನು ಬೇರೆಲ್ಲೂ ಬರೆದದ್ದನ್ನು ನಾನು ನೋಡಿರಲಿಲ್ಲ. ಮುಂದೆ ಪಾಸ್‌ವರ್ಡ್ ಕೇಳಿತು.

"ಅದೆಂತ?"

"ಬೀಗ ಇದ್ದ ಹಾಗೆ ಮಾಮಿ. ನಿಮಗೆ ಮಾತ್ರ ಗೊತ್ತಿರಬೇಕು. ಬೇಡದಿದ್ದರೆ ನಾನೇ ಒಂದು ಹಾಕಿಬಿಡ್ತೇನೆ."

"ನೀನು ಎಂತಕ್ಕೆ ಹಾಕುವುದು?" ಎಂದರು ಮಾಮಿ. "ಆಚೆ ತಿರುಗು."

ನಾನು ಆಚೆ ತಿರುಗಿ ನಿಂತೆ. ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ನಮ್ಮವರು ಶಾರ್ಜಾದಿಂದ ಫೋನ್ ಮಾಡಿ ಅದು ಎಂತ ಅಂತ ನನಗಾದರೂ ಹೇಳಮ್ಮ ಎಂದು ಎಷ್ಟು ಕೇಳಿದರೂ ಮಾಮಿ ಇವತ್ತಿನವರೆಗೂ ಹೇಳಿಲ್ಲ.

ಈಗ ದಿನಾ ಮಧ್ಯಾಹ್ನದ ಮೇಲೆ ಅವರು ಸ್ವಲ್ಪ ಹೊತ್ತು ಅಲ್ಲಿ ಕೂರುತ್ತಾರಂತೆ. ಒಳಗೆ ಏನೇನು ಇಟ್ಟಿದ್ದಾರೆ ಎಂದು ನನಗೆ ತಡೆಯಲಾರದ ಕುತೂಹಲ. ಲಕ್ಷ್ಮಿಯ ಪಟ ಖಂಡಿತ ಇರುತ್ತದೆ, ಕಪ್ಪು ಕನ್ನಡಕದ ಮಗ ಇರುತ್ತಾನೆ, ತಟ್ಟೆಯಷ್ಟು ಗಡಿಯಾರ ಇರುತ್ತದೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ಇವತ್ತು ಊಟವಾದ ಮೇಲೆ, ನನ್ನ ಪ್ರಶ್ನೆಪತ್ರಿಕೆಯನ್ನು ಅಷ್ಟಕ್ಕೇ ಬಿಟ್ಟು ಅವರಿಗೆ ಕುರ್ಚಿ ಕೊಟ್ಟು ಎದ್ದಾಗ, "ನೋಡಬೇಕಾ? ನೋಡು" ಎಂದು ಅವರೇ ಕರೆದರು.

ಪರದೆಯ ಮೇಲೆ ಏನೂ ಇರಲಿಲ್ಲ. ತಿಳಿ ನೀಲಿ ಬಣ್ಣ, ಅಷ್ಟೇ. ಕಸದ ಬುಟ್ಟಿಯೂ ಇಲ್ಲ. ಪ್ಯಾನೆಲ್ ಕೂಡ ಅಡಗಿ ಕೂತಿತ್ತು, ಮೌಸನ್ನು ಅಂಚಿಗೆ ತಂದರೆ ಮಾತ್ರ ಮೇಲೆ ಬರುವ ಹಾಗೆ ಮಾಡಿಟ್ಟಿದ್ದರು. "ಬೇಕಾದಾಗ ಬರ್ತದೆ, ಇಲ್ಲದಿದ್ರೆ ಒಳಗೆ ಇರ್ತದೆ. ಹೀಗೆ ಮನುಷ್ಯರೂ ಇದ್ರೆ ಎಷ್ಟು ಒಳ್ಳೇದಿತ್ತು" ಎಂದರು.

"ದೇವರ ಪಟ ಇಡಲಿಲ್ವಾ ಮಾಮಿ?"

"ದೇವರಿಗೆ ದೇವರ ಕೋಣೆ ಉಂಟು."

"ಇವರ ಗಡಿಯಾರ?"

"ಅದು ನಿನ್ನದ್ರಲ್ಲಿ ಉಂಟಲ್ಲ. ಇನ್ನು ಅವನನ್ನು ನೀನೇ ನೋಡಿಕೋ."

"ಮತ್ತೆ ಇದರಲ್ಲಿ ಎಂತ ಇಡುವುದು?"

ಮಾಮಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ಸೆರಗಿನಿಂದ ಪರದೆಯ ಧೂಳು ಒರೆಸಿ, ಆರಾಮವಾಗಿ ಒರಗಿ ಕೂತರು.

"ನೋಡುವ. ಅವಸರ ಎಂತ?" ಎಂದರು. "ಜಾಗ ಉಂಟಲ್ಲ."